ಸುಬ್ಬರಾವ್ ಅವರ ಔಷಧಿ ಮತ್ತು ಸೋಲೊಪ್ಪದ ಕ್ಯಾನ್ಸರ್

ಯಲ್ಲಾಪ್ರಗಡ ಸುಬ್ಬರಾವ್ 1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಹುಟ್ಟಿದರು. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಆ ಕಾಯಿಲೆಗೆ ಆಗ ಔಷಧಿಯೇ ಇರಲಿಲ್ಲ.

ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಅವರು ಖಾದಿ ಧರಿಸುತ್ತಿದ್ದರು. ಇದು ಇಂಗ್ಲಿಷ್ ಪ್ರೊಫೆಸರರಿಗೆ ಹಿಡಿಸಲಿಲ್ಲ. ಕೊನೆಗೆ ಎಂಬಿಬಿಎಸ್ ಬದಲು ಎಲ್‌ಎಂಎಸ್ ಎಂಬ ಕೆಳದರ್ಜೆಯ ಪದವಿ ಕೈಗೆ ಬಂತು. ಆಮೇಲೆ ಮಾವನವರ ನೆರವಿನಿಂದ ಅಮೆರಿಕದ ಬೋಸ್ಟನ್‌ಗೆ ಹೋದರು. ಹೊಟ್ಟೆಪಾಡಿಗಾಗಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಕೆಲಸ ಮಾಡಿದರು. ಹಾರ್ವರ್ಡ್‌ನಲ್ಲಿ ದೊಡ್ಡ ಸಂಶೋಧನೆ ಮಾಡಿದರೂ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿಗೆ ಸೇರಿದರು.

ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಸಹೋದರರನ್ನು ಬಲಿ ತೆಗೆದುಕೊಂಡ ಸ್ಪ್ರೂಗೆ ಇದೇ ಮದ್ದಾಯಿತು. ಆದರೆ ಬೋಸ್ಟನ್‌ನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಇನ್ನೊಂದು ಸಂಗತಿ ಗಮನಿಸಿದ್ದರು. ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಈ ಬಗೆಯ ವಸ್ತು ಕೊಟ್ಟರೆ ರೋಗ ಇನ್ನೂ ಜೋರಾಗುತ್ತಿತ್ತು. ಹಾಗಾದರೆ ಫೋಲಿಕ್ ಆಮ್ಲ ಕೆಲಸ ಮಾಡದಂತೆ ತಡೆದರೆ? ಸುಬ್ಬರಾವ್ ಅವರ ತಂಡ ನೋಡಲು ಅದರಂತೆಯೇ ಇರುವ, ಆದರೆ ಅದರ ಕೆಲಸವನ್ನೇ ನಿಲ್ಲಿಸುವ ಅಮಿನೋಪ್ಟೆರಿನ್ ಅನ್ನು ಒದಗಿಸಿತು. ನಾವು ಕಾಮರ್ಸ್‌ನವರಿಗೆ ಅರ್ಥವಾಗುವಂತೆ ಹೇಳುವುದಾದರೆ ಇದು ಖೋಟಾ ನೋಟು. ಕೋಶದೊಳಗಿನ ಒಂದು ಕಿಣ್ವವೇ ಬ್ಯಾಂಕಿನ ಕೌಂಟರ್. ಅದು ಖೋಟಾ ನೋಟು ಹಿಡಿದು ಕುಳಿತುಬಿಡುತ್ತದೆ, ಅಸಲಿ ನೋಟಿನ ವ್ಯವಹಾರ ನಿಂತುಹೋಗುತ್ತದೆ. ಡಿಎನ್‌ಎ ತಯಾರಾಗದೆ ಕೋಶ ಸಾಯುತ್ತದೆ.

1948ರ ಜೂನ್‌ನಲ್ಲಿ ಫಾರ್ಬರ್ ವರದಿ ಪ್ರಕಟಿಸಿದರು. 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡಿದ್ದರು. ಅಲ್ಲಿಯವರೆಗೆ ಈ ರೋಗ ಬಂದ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಆದರೆ ಸಂತೋಷ ಹೆಚ್ಚು ದಿನ ಇರಲಿಲ್ಲ. ಕ್ಯಾನ್ಸರ್ ಮತ್ತೆ ಬಂತು. ಅದೇ ಔಷಧಿ ಆಗ ನಾಟಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ನಿದ್ರೆಯಲ್ಲೇ ತೀರಿಕೊಂಡರು. ತಾಯ್ನಾಡಿಗೆ ಅವರು ಮರಳಲೇ ಇಲ್ಲ.

ಔಷಧಿ ಯಾಕೆ ಸೋತಿತು? ದೇಹಕ್ಕೆ ಔಷಧಿ ಅಭ್ಯಾಸವಾಗಿಬಿಟ್ಟಿತು ಎಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಬದಲಾಗುವುದು ಕ್ಯಾನ್ಸರ್ ಕೋಶಗಳ ಗುಂಪು. ಕೋಟ್ಯಂತರ ಕೋಶಗಳಲ್ಲಿ ಕೆಲವು ಸ್ವಲ್ಪ ಬೇರೆಯಾಗಿರುತ್ತವೆ. ಔಷಧಿ ಉಳಿದವನ್ನು ಕೊಂದು ಇವುಗಳಿಗೆ ಜಾಗ ಮಾಡಿಕೊಡುತ್ತದೆ. 1978ರಲ್ಲಿ ರಾಬರ್ಟ್ ಶಿಮ್ಕೆ ಅವರ ತಂಡ ಇಂಥ ಕೋಶಗಳ ಒಂದು ಉಪಾಯವನ್ನು ಬಯಲಿಗೆಳೆಯಿತು. ಆ ಕಿಣ್ವದ ಜೀನ್‌ನ ಹತ್ತಾರು, ನೂರಾರು ಪ್ರತಿಗಳನ್ನು ಅವು ಮಾಡಿಕೊಂಡಿದ್ದವು. ಒಂದು ಕೌಂಟರ್ ಕಟ್ಟಿಕೊಂಡರೆ ನೂರು ಕೌಂಟರ್ ತೆರೆದಂತೆ! ಇನ್ನು ಕೆಲವು ಕೋಶಗಳು ಔಷಧಿಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಈ ಕಾರಣ ತಿಳಿಯುವ ಮೊದಲೇ, 1960ರ ದಶಕದಲ್ಲಿ, ವೈದ್ಯರು ದಾರಿಯೊಂದನ್ನು ಹಿಡಿದಿದ್ದರು. ಬೇರೆ ಬೇರೆ ರೀತಿ ಕೆಲಸ ಮಾಡುವ ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಡತೊಡಗಿದರು. ಒಂದರಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಸಿಕ್ಕಿಬೀಳಲಿ ಎಂಬ ಲೆಕ್ಕ. ಆ ನಾಲ್ಕರಲ್ಲಿ ಒಂದು ಮೆಥೋಟ್ರೆಕ್ಸೇಟ್, ಅಮಿನೋಪ್ಟೆರಿನ್‌ನ ತಮ್ಮ ಎನ್ನಬಹುದಾದ ಔಷಧಿ. ಅದೂ ಲೆಡರ್ಲೆಯಿಂದಲೇ ಬಂದದ್ದು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಇಂದಿಗೂ ಅದನ್ನು ಬೇರೆ ಔಷಧಿಗಳ ಜೊತೆ ಕೊಡುತ್ತಾರೆ.