ಹಿಮ್ಮಡಿಗೆ ಕಟ್ಟು ಹಾಕಿದ ಸೋಂಡ್ರೆ ನೋರ್ಹೈಮ್

ಮಕ್ಕಳೇ, ಡಿಸೆಂಬರ್ ಬಂತು ಅಂದ್ರೆ ನಿಮ್ಮಲ್ಲಿ ಎಷ್ಟೋ ಜನ ಸ್ನೋಬೋರ್ಡಿಂಗ್‌ಗೆ ಕರ್ಕೊಂಡು ಹೋಗಿ ಅಂತ ಅಪ್ಪ ಅಮ್ಮನ ಬೆನ್ನು ಹತ್ತುತ್ತೀರಿ. ಬಾಡಿಗೆ ಅಂಗಡಿಗೆ ಹೋದ ಮೇಲೆ ನೋಡೋದು ಏನನ್ನ? ಬೋರ್ಡಿನ ಬಣ್ಣ, ಅದರ ಮೇಲಿನ ಚಿತ್ರ. ಈ ಸಲ ಇನ್ನೆರಡು ವಿಷಯ ಗಮನಿಸಿ. ಮೊದಲನೆಯದು, ಬೂಟನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗ್. ಅದು ಬೆರಳಿನ ಕಡೆ ಮಾತ್ರ ಅಲ್ಲ, ಹಿಮ್ಮಡಿಯನ್ನೂ ಹಿಡಿದುಕೊಂಡಿರುತ್ತೆ. ಎರಡನೆಯದು, ಬೋರ್ಡಿನ ಆಕಾರ. ಎರಡು ತುದಿಗಳ ಹತ್ತಿರ ಅಗಲ, ನಡುವೆ ಸೊಂಟದ ಹಾಗೆ ಸಣ್ಣ.

ಈ ಎರಡೂ ವಿಷಯಗಳ ಬೆನ್ನು ಹತ್ತಿ ಹಿಂದಕ್ಕೆ ಹೋದರೆ ನಾವು ಒಬ್ಬ ಬಡ ರೈತನ ಮನೆಗೆ ಬರುತ್ತೇವೆ. ಅವನ ಹೆಸರು ಸೋಂಡ್ರೆ ನೋರ್ಹೈಮ್. ಹುಟ್ಟಿದ್ದು ನಾರ್ವೆಯಲ್ಲಿ, ತೀರಿಕೊಂಡಿದ್ದು ನಮ್ಮ ಮಿನ್ನೆಸೋಟದ ಪಕ್ಕದ ನಾರ್ತ್ ಡಕೋಟದಲ್ಲಿ. ಅವನು ಬದುಕಿದ್ದಾಗ ಸ್ನೋಬೋರ್ಡ್ ಅನ್ನೋ ಪದವೇ ಇರಲಿಲ್ಲ. ಆದರೂ ಬೋರ್ಡಿನ ಮೇಲೆ ನಿಂತು ತಿರುವು ತೆಗೆದುಕೊಳ್ಳುವ ಪ್ರತಿಯೊಬ್ಬರೂ ಅವನ ಕಥೆ ತಿಳಿದಿರಬೇಕು ಅಂತ ನನ್ನ ಆಸೆ.

ನಾರ್ವೆಯ ದಕ್ಷಿಣ ಭಾಗದಲ್ಲಿ ಟೆಲಿಮಾರ್ಕ್ ಎಂಬ ಗುಡ್ಡಗಾಡು ಪ್ರದೇಶ ಇದೆ. ಅಲ್ಲಿನ ಮೊರ್ಗೆದಾಲ್ ಕಣಿವೆಯ ಓವರ್‌ಬೋ ಎಂಬ ಚಿಕ್ಕ ಮರದ ಮನೆಯಲ್ಲಿ 1825ರ ಜೂನ್ 10ರಂದು ಸೋಂಡ್ರೆ ಹುಟ್ಟಿದ. ಅವರದು ಸ್ವಂತ ಹೊಲ ಇಲ್ಲದ ಮನೆತನ. ದೊಡ್ಡ ರೈತರ ಜಮೀನಿನಲ್ಲಿ ಒಂದು ತುಂಡು ನೆಲ, ಒಂದು ಗುಡಿಸಲು. ಅದಕ್ಕೆ ಬದಲಾಗಿ ಅವರ ಹೊಲದಲ್ಲಿ ದುಡಿಯಬೇಕು. ಗೇಣಿಯ ಬದುಕು ಅಂತ ಅಜ್ಜ ಅಜ್ಜಿ ಹೇಳಿದ್ದನ್ನು ನೀವು ಕೇಳಿರಬಹುದು, ಹೆಚ್ಚುಕಡಿಮೆ ಅದೇ ರೀತಿ.

ಆ ಕಣಿವೆಯಲ್ಲಿ ಚಳಿಗಾಲ ಉದ್ದ. ಹಿಮ ಬಿದ್ದರೆ ಪಕ್ಕದ ಮನೆಗೂ ಸ್ಕೀ ಹಾಕಿಕೊಂಡೇ ಹೋಗಬೇಕು. ಆಗ ಸ್ಕೀ ಆಟದ ಸಾಮಾನಲ್ಲ, ನಮಗೆ ಚಪ್ಪಲಿ ಇದ್ದ ಹಾಗೆ. ಬೇಟೆಗೆ, ಸೌದೆ ತರೋದಕ್ಕೆ, ಚರ್ಚಿಗೆ ಹೋಗೋದಕ್ಕೆ ಎಲ್ಲದಕ್ಕೂ ಅದೇ. ಆದರೆ ಆ ಸ್ಕೀಗಳಲ್ಲಿ ಒಂದು ದೊಡ್ಡ ತೊಂದರೆ ಇತ್ತು. ಬೂಟಿನ ಮುಂಭಾಗವನ್ನು ತೂರಿಸೋದಕ್ಕೆ ಒಂದು ಪಟ್ಟಿ, ಅಷ್ಟೇ. ಹಿಮ್ಮಡಿಗೆ ಹಿಡಿತವೇ ಇಲ್ಲ. ಸಮತಟ್ಟಾದ ಜಾಗದಲ್ಲಿ ನಡೆಯೋಕೆ ಇದು ಸಾಕು. ಇಳಿಜಾರಿನಲ್ಲಿ ಹಾಗಲ್ಲ. ಕಾಲು ತಿರುಗಿಸಿದರೆ ಬೂಟು ಮಾತ್ರ ತಿರುಗುತ್ತೆ, ಸ್ಕೀ ತನ್ನ ಪಾಡಿಗೆ ನೇರ ಹೋಗುತ್ತೆ. ಹಾರಿದರಂತೂ ಸ್ಕೀ ಒಂದು ಕಡೆ, ಮನುಷ್ಯ ಒಂದು ಕಡೆ. ಅದಕ್ಕೇ ಆಗಿನ ಜನ ಕೈಯಲ್ಲಿ ಒಂದು ಉದ್ದನೆಯ ಕೋಲು ಹಿಡಿದು, ಅದನ್ನೇ ನೆಲಕ್ಕೆ ಒತ್ತಿ, ಬ್ರೇಕ್ ಹಾಕಿದ ಹಾಗೆ ಇಳೀತಿದ್ದರು.

ಸೋಂಡ್ರೆಗೆ ಇಳಿಯೋದೇ ಇಷ್ಟ. ಇಳಿಯೋದಷ್ಟೇ ಅಲ್ಲ, ಬಂಡೆಗಳ ಮೇಲಿಂದ, ಮನೆ ಮಾಡಿನ ಮೇಲಿಂದ ಹಾರೋದೂ ಇಷ್ಟ. ಊರಿನವರ ಕಣ್ಣಿಗೆ ಇದು ಕೆಲಸ ಬಿಟ್ಟು ಆಡುವ ಆಟ. ಆದರೆ ಅವನ ತಲೆಯಲ್ಲಿದ್ದದ್ದು ಒಂದು ಎಂಜಿನಿಯರಿಂಗ್ ಪ್ರಶ್ನೆ: ಕಾಲು ಹೇಳಿದ್ದನ್ನು ಸ್ಕೀ ಕೇಳಬೇಕು, ಹಾಗೆ ಮಾಡೋದು ಹೇಗೆ?

ಉತ್ತರಕ್ಕೆ ಅವನ ಹತ್ತಿರ ಇದ್ದ ಸಾಮಗ್ರಿ ಏನು? ಕಬ್ಬಿಣ ಇಲ್ಲ, ಪ್ಲಾಸ್ಟಿಕ್ ಅಂತೂ ಇನ್ನೂ ಹುಟ್ಟೇ ಇಲ್ಲ. ಸುತ್ತ ಇದ್ದದ್ದು ಕಾಡು. ಬರ್ಚ್ ಮರದ ಎಳೆಯ ಕೊಂಬೆ, ಬೇರುಗಳನ್ನು ತಿರುಚಿ ಹಗ್ಗದ ಹಾಗೆ ಹೊಸೆದು, ಬೆರಳಿನ ಪಟ್ಟಿಯಿಂದ ಹಿಮ್ಮಡಿಯ ಹಿಂದೆ ಸುತ್ತಿ ಬರುವ ಕಟ್ಟು ಮಾಡಿದ. ಇದು ಹಗ್ಗದ ಹಾಗೆ ಪೂರ್ತಿ ಸಡಿಲವೂ ಅಲ್ಲ, ಮರದ ಹಾಗೆ ಗಟ್ಟಿಯೂ ಅಲ್ಲ. ನಡೆಯುವಾಗ ಹಿಮ್ಮಡಿ ಮೇಲೇಳಬಹುದು, ತಿರುಗುವಾಗ ಪಾದ ಅಕ್ಕಪಕ್ಕ ಜಾರೋದಿಲ್ಲ. ಹಾರಿದರೂ ಸ್ಕೀ ಕಾಲು ಬಿಡೋದಿಲ್ಲ. ಕೋಲು ಬೇಡವಾಯಿತು, ಎರಡೂ ಕೈಗಳು ಸ್ವತಂತ್ರವಾದವು.

ಆಮೇಲೆ ಅವನ ಕಣ್ಣು ಸ್ಕೀಯ ಆಕಾರದ ಮೇಲೆ ಬಿತ್ತು. ಉದ್ದ ಕಡಿಮೆ ಮಾಡಿದ, ನಡುವಿನ ಭಾಗವನ್ನು ಎರಡೂ ಕಡೆಯಿಂದ ಸ್ವಲ್ಪ ಸವೆಸಿ ಸೊಂಟ ಕೊಟ್ಟ. ಇಂಗ್ಲಿಷಿನಲ್ಲಿ ಇದಕ್ಕೆ ಸೈಡ್‌ಕಟ್ ಅನ್ನುತ್ತಾರೆ. ಇವೆಲ್ಲ ಅವನೊಬ್ಬನದೇ ಬುದ್ಧಿ ಅಂತ ಹೇಳೋದು ಸರಿಯಲ್ಲ. ಟೆಲಿಮಾರ್ಕಿನ ಹಳ್ಳಿಗರು ತಲೆಮಾರುಗಳಿಂದ ಸ್ಕೀ ಕೆತ್ತುತ್ತಾ ಬಂದಿದ್ದರು. ಆದರೆ ಕಟ್ಟು, ಆಕಾರ, ಅದಕ್ಕೆ ತಕ್ಕ ಚಲನೆ ಈ ಮೂರನ್ನೂ ಒಟ್ಟಿಗೆ ತಂದು, ಅದರಿಂದ ಏನೇನು ಮಾಡಬಹುದು ಅಂತ ಜನರ ಕಣ್ಣೆದುರು ತೋರಿಸಿದವರಲ್ಲಿ ಅವನಷ್ಟು ಹೆಸರಾದವರು ಇನ್ನೊಬ್ಬರಿಲ್ಲ.

ಸೊಂಟ ಇದ್ದರೆ ಏನು ಲಾಭ? ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಬಗ್ಗುವಂಥ ಪ್ಲಾಸ್ಟಿಕ್ ಫೈಲ್ ಕವರಿನಿಂದ ಒಂದು ಗೇಣು ಉದ್ದದ ಎರಡು ಪಟ್ಟಿ ಕತ್ತರಿಸಿ. ಒಂದರ ಅಂಚು ನೇರವಾಗಿರಲಿ. ಇನ್ನೊಂದರ ಎರಡೂ ಅಂಚುಗಳನ್ನು ನಡುವೆ ಸ್ವಲ್ಪ ಒಳಕ್ಕೆ ಕತ್ತರಿಸಿ. ಈಗ ಎರಡನೆಯದನ್ನು ಓರೆಯಾಗಿ, ಒಂದು ಅಂಚು ಮಾತ್ರ ಮೇಜಿಗೆ ತಾಗುವ ಹಾಗೆ ಹಿಡಿಯಿರಿ. ಎರಡು ತುದಿ ಮಾತ್ರ ಮೇಜಿಗೆ ತಾಗುತ್ತೆ, ನಡುವೆ ಸಂದು ಇರುತ್ತೆ. ನಡುವೆ ಬೆರಳಿಟ್ಟು ಒತ್ತಿ. ಪಟ್ಟಿ ಬಿಲ್ಲಿನ ಹಾಗೆ ಬಗ್ಗಿ, ಅಂಚು ಮೇಜಿನ ಮೇಲೆ ಒಂದು ಕಮಾನು ಬರೆಯುತ್ತೆ. ನೇರ ಪಟ್ಟಿಯನ್ನು ಹಾಗೇ ಹಿಡಿದರೆ ನೇರ ಗೆರೆಯೇ. ಹಿಮದ ಮೇಲೆ ಆಗೋದೂ ಇದೇ. ನೀವು ಬೋರ್ಡನ್ನು ಒಂದು ಪಕ್ಕಕ್ಕೆ ವಾಲಿಸಿ ಭಾರ ಹಾಕಿದಾಗ ಅದು ಬಗ್ಗುತ್ತೆ, ಅಂಚು ಕಮಾನಿನ ದಾರಿ ಹಿಡಿಯುತ್ತೆ, ನೀವು ಅದರ ಜೊತೆ ತಿರುಗುತ್ತೀರಿ. ಸೋಂಡ್ರೆ ಗಣಿತ ಬರೆದು ಇದನ್ನು ಕಂಡುಕೊಂಡವನಲ್ಲ. ಕೆತ್ತಿ, ಇಳಿದು, ಬಿದ್ದು, ಮತ್ತೆ ಕೆತ್ತಿ ಕಂಡುಕೊಂಡವನು.

1854ರಲ್ಲಿ ಅವನಿಗೆ ರಾನ್ನೈ ಎಂಬುವಳ ಜೊತೆ ಮದುವೆಯಾಯಿತು. ಮಕ್ಕಳಾದರು, ಸಂಸಾರ ಬೆಳೆಯಿತು, ಬಡತನ ಮಾತ್ರ ಹಾಗೇ ಇತ್ತು. 1868ರ ಚಳಿಗಾಲದಲ್ಲಿ ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ, ಅಂದ್ರೆ ಈಗಿನ ಓಸ್ಲೋದಲ್ಲಿ, ದೇಶದ ಬೇರೆ ಬೇರೆ ಕಡೆಯವರು ಸೇರುವ ಸ್ಕೀ ಸ್ಪರ್ಧೆ ಏರ್ಪಾಡಾಯಿತು. ಮೊರ್ಗೆದಾಲ್‌ನಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ಸೋಂಡ್ರೆ ಅಷ್ಟು ದೂರವನ್ನೂ ಸ್ಕೀ ಮೇಲೇ ಹೋದ. ಆಗ ಅವನಿಗೆ 42 ವರ್ಷ. ಅಪ್ಪಂದಿರೇ, ನಮ್ಮಲ್ಲಿ ಎಷ್ಟೋ ಜನರ ವಯಸ್ಸು ಅದೇ, ಮೆಟ್ಟಿಲು ಹತ್ತಿದರೆ ಮಂಡಿ ಹಿಡ್ಕೊಳ್ತೀವಿ!

ರಾಜಧಾನಿಯ ಜನ ಅವತ್ತು ಕಂಡದ್ದನ್ನು ಹಿಂದೆ ಕಂಡಿರಲಿಲ್ಲ. ಉಳಿದವರು ಕೋಲನ್ನು ಊರಿ ಇಳಿಯುವಾಗ, ನಡುವಯಸ್ಸಿನ ಈ ಹಳ್ಳಿಗ ಕೋಲಿಲ್ಲದೆ, ಮೈ ಬಳುಕಿಸುತ್ತಾ ಬಂದು, ಹಾರಿ, ನಿಂತ. ಒಂದು ಕಾಲು ಮುಂದೆ, ಇನ್ನೊಂದು ಹಿಂದೆ, ಮಂಡಿ ಬಗ್ಗಿಸಿ ತೆಗೆದುಕೊಳ್ಳುವ ಆ ತಿರುವಿಗೆ ಟೆಲಿಮಾರ್ಕ್ ತಿರುವು ಅಂತ ಹೆಸರು ಉಳಿಯಿತು. ಬಹುಮಾನ ಅವನಿಗೇ ಬಂತು. ಇಂದಿಗೂ ಒಲಿಂಪಿಕ್ಸ್‌ನಲ್ಲಿ ಸ್ಕೀ ಜಂಪ್ ಮಾಡುವವರು ನೆಲ ಮುಟ್ಟುವಾಗ ಒಂದು ಕಾಲು ಮುಂದಿಟ್ಟು ಟೆಲಿಮಾರ್ಕ್ ಭಂಗಿಯಲ್ಲಿ ಇಳಿಯದಿದ್ದರೆ ಅಂಕ ಕಳೆಯುತ್ತಾರೆ. ಟಿವಿಯಲ್ಲಿ ಬಂದಾಗ ಗಮನಿಸಿ. ಇನ್ನೊಂದು ವಿಷಯ: ಸ್ಲಾಲೊಮ್ ಎಂಬ ಪದವೂ ನಾರ್ವೆಯ ಭಾಷೆಯಿಂದಲೇ ಬಂದದ್ದು. ಇಳಿಜಾರು, ಜಾಡು ಎಂಬ ಅರ್ಥದ ಎರಡು ಪದ ಸೇರಿ ಅದಾಗಿದೆ.

ಹೆಸರು ಬಂತು, ಆದರೆ ಹೆಸರಿನಿಂದ ಹೊಟ್ಟೆ ತುಂಬಲಿಲ್ಲ. ಆ ಕಾಲದಲ್ಲಿ ನಾರ್ವೆಯಿಂದ ಲಕ್ಷಾಂತರ ಜನ ಅಮೆರಿಕದ ಹಡಗು ಹತ್ತುತ್ತಿದ್ದರು. ಐದು ವರ್ಷ ವಾಸವಿದ್ದು ಬೇಸಾಯ ಮಾಡಿದರೆ 160 ಎಕರೆ ಕೊಡುವ 1862ರ ಕಾನೂನು ಇಲ್ಲಿತ್ತು. ಜೀವನವಿಡೀ ಬೇರೆಯವರ ನೆಲದಲ್ಲಿ ದುಡಿದವರಿಗೆ ಅದು ಎಂಥ ಆಸೆ ಹುಟ್ಟಿಸಿರಬೇಕು! 1884ರ ಮೇ ಕೊನೆಯಲ್ಲಿ ಸೋಂಡ್ರೆ, ರಾನ್ನೈ ಮತ್ತು ಕೆಲವು ಮಕ್ಕಳು ಊರು ಬಿಟ್ಟರು. ಅವನಿಗೆ 59 ತುಂಬಲು ಕೆಲವೇ ದಿನ ಬಾಕಿ. ನಾವು ಇಲ್ಲಿಗೆ ಬಂದದ್ದು ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ, ವಾರಕ್ಕೊಮ್ಮೆ ಊರಿಗೆ ವಿಡಿಯೊ ಕಾಲ್ ಬೇರೆ ಮಾಡ್ತೀವಿ. ಅರವತ್ತರ ಹತ್ತಿರ, ಮತ್ತೆ ಹಿಂದಿರುಗುವ ದಾರಿ ಇಲ್ಲದೆ ಹೊರಡೋದು ಬೇರೆಯದೇ ಮಾತು.

ಮೊದಲು ಬಂದದ್ದು ನಮ್ಮ ಮಿನ್ನೆಸೋಟಕ್ಕೆ, ರೆಡ್ ನದಿಯ ಪಕ್ಕ ಈಗ ಓಸ್ಲೋ ಅಂತ ಕರೆಯುವ ಊರಿನ ಹತ್ತಿರ. ಅಲ್ಲಿಂದ ಪಶ್ಚಿಮಕ್ಕೆ, ಈಗಿನ ನಾರ್ತ್ ಡಕೋಟದ ಮೆಕ್‌ಹೆನ್ರಿ ಕೌಂಟಿಗೆ. ನಾರ್ತ್ ಡಕೋಟ ರಾಜ್ಯವಾದದ್ದೇ 1889ರಲ್ಲಿ, ಅಂದ್ರೆ ಅವನು ಬಂದ ಮೇಲೆ. ಆ ಪ್ರಾಂತ್ಯದಲ್ಲಿ ಕಾರು ಓಡಿಸಿದವರಿಗೆ ಗೊತ್ತು, ಕಣ್ಣು ಹಾಯುವವರೆಗೂ ಸಮತಟ್ಟು ಬಯಲು. ಹಿಮ ಬೇಕಾದಷ್ಟಿದೆ, ಇಳಿಜಾರು ಇಲ್ಲ. ಇಳಿಯೋದಕ್ಕಾಗಿಯೇ ಕಟ್ಟು ಕಂಡುಹಿಡಿದ ಮನುಷ್ಯನಿಗೆ ಕೊನೆಗೆ ಸಿಕ್ಕಿದ್ದು ಗುಡ್ಡವೇ ಇಲ್ಲದ ನಾಡು. ಆದರೂ ಅವನು ತನ್ನ ಸ್ಕೀಗಳನ್ನು ಮನೆಯ ಬಾಗಿಲ ಹೊರಗೆ ಸದಾ ಸಿದ್ಧವಾಗಿ ಇಟ್ಟಿರುತ್ತಿದ್ದ ಅಂತ ಹೇಳುತ್ತಾರೆ.

ಅವನ ವಿದ್ಯೆ ಮಾತ್ರ ಗುಡ್ಡ ಹುಡುಕಿಕೊಂಡು ಹೋಯಿತು. ಮೊರ್ಗೆದಾಲ್‌ನಲ್ಲಿ ಅವನನ್ನು ನೋಡಿ ಕಲಿತ ಹೆಮ್ಮೆಸ್ಟ್‌ವೈಟ್ ಮನೆತನದ ಅಣ್ಣತಮ್ಮಂದಿರು, ಟೋರ್ಯುಸ್ ಮತ್ತು ಮಿಕ್ಕೆಲ್, ಅವರೂ ವಲಸೆ ಬಂದರು. ಮಿಸಿಸಿಪ್ಪಿ ದಂಡೆಯ ರೆಡ್ ವಿಂಗ್ ಊರಿನಲ್ಲಿ 1887ರಲ್ಲಿ ಮಿಕ್ಕೆಲ್ ಹಾರಿದ್ದನ್ನು ಅಮೆರಿಕದ ಸ್ಕೀ ಜಂಪಿಂಗ್ ಇತಿಹಾಸದಲ್ಲಿ ಮರೆಯದೆ ಹೇಳುತ್ತಾರೆ. ಇಲ್ಲಿಂದ ಒಂದು ಗಂಟೆಯ ದಾರಿ, ನಮ್ಮ ಪಿಕ್‌ನಿಕ್ ಜಾಗ!

1897ರ ಮಾರ್ಚ್ 9ರಂದು, 71ನೆಯ ವಯಸ್ಸಿನಲ್ಲಿ ಸೋಂಡ್ರೆ ತೀರಿಕೊಂಡ. ಡೆನ್ಬಿ ಎಂಬ ಚಿಕ್ಕ ಊರಿನ ಹತ್ತಿರ, ನಾರ್ವೆಯವರು ಕಟ್ಟಿಕೊಂಡ ಚರ್ಚಿನ ಅಂಗಳದಲ್ಲಿ ಹೂಳಿದರು. ಸಮಾಧಿಯ ಮೇಲೆ ಹೆಸರು ಬರೆದ ಕಲ್ಲೂ ಇರಲಿಲ್ಲ. ಅವನಿಗೆ ಒಂದು ಕಲ್ಲು ನಿಲ್ಲಿಸಿದ್ದು 1966ರಲ್ಲಿ, ಸುಮಾರು ಎಪ್ಪತ್ತು ವರ್ಷ ಆದ ಮೇಲೆ. ಆ ಹೊತ್ತಿಗೆ ನಾರ್ವೆ ಅವನನ್ನು ನೆನೆಸಿಕೊಂಡಾಗಿತ್ತು. 1952ರ ಓಸ್ಲೋ ಚಳಿಗಾಲದ ಒಲಿಂಪಿಕ್ಸ್‌ನ ಜ್ಯೋತಿಯನ್ನು ಹೊತ್ತಿಸಿದ್ದು ಅವನು ಹುಟ್ಟಿದ ಮನೆಯ ಒಲೆಯಲ್ಲಿ. 1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ವಾ ವ್ಯಾಲಿಯ ಒಲಿಂಪಿಕ್ಸ್‌ಗೂ ಬೆಂಕಿ ಮೊರ್ಗೆದಾಲ್‌ನಿಂದಲೇ ಬಂತು.

ಸರಿ, ಸ್ನೋಬೋರ್ಡಿಗೂ ಇದಕ್ಕೂ ಏನು ಸಂಬಂಧ ಅಂತೀರಾ? 1965ರ ಕ್ರಿಸ್‌ಮಸ್ ದಿನ ಮಿಶಿಗನ್ನಿನ ಮಸ್ಕೀಗನ್‌ನಲ್ಲಿ ಶರ್ಮನ್ ಪಾಪೆನ್ ಎಂಬ ಎಂಜಿನಿಯರ್ ತನ್ನ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀ ಜೋಡಿಸಿ ಒಂದು ಹಲಗೆ ಮಾಡಿದರು. ಅದೇ ಸ್ನರ್ಫರ್. ಅದರಲ್ಲಿ ಮುಂದೆ ಹಿಡಿಯೋಕೆ ಒಂದು ಹಗ್ಗ ಇತ್ತು, ಕಾಲಿಗೆ ಕಟ್ಟು ಇರಲಿಲ್ಲ. 1979ರ ಸ್ನರ್ಫರ್ ಸ್ಪರ್ಧೆಗೆ ಜೇಕ್ ಬರ್ಟನ್ ಕಾರ್ಪೆಂಟರ್ ಎಂಬ ಯುವಕ ಕಾಲಿಗೆ ಕಟ್ಟು ಇರುವ ಬೋರ್ಡ್ ತಂದ. ಇದು ನಿಯಮದಲ್ಲಿಲ್ಲ ಅಂತ ತಕರಾರು ಬಂತು, ಕೊನೆಗೆ ಅವನಿಗಾಗಿ ಬೇರೆ ವಿಭಾಗವನ್ನೇ ಮಾಡಬೇಕಾಯಿತು. ಪಾದವನ್ನು ಕಟ್ಟಬೇಕೋ ಬಿಡಬೇಕೋ ಎಂಬ ಪ್ರಶ್ನೆ ನೂರು ವರ್ಷದ ಮೇಲೆ ಮತ್ತೆ ಬಂತು ನೋಡಿ, ಉತ್ತರವೂ ಅದೇ ಆಯಿತು. 1998ರಲ್ಲಿ ಜಪಾನಿನ ನಗಾನೋದಲ್ಲಿ ಸ್ನೋಬೋರ್ಡಿಂಗ್ ಒಲಿಂಪಿಕ್ಸ್ ಸೇರಿತು.

ಅದಕ್ಕೇ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಬಾಡಿಗೆ ಅಂಗಡಿಯಲ್ಲಿ ಬೋರ್ಡಿಗಿಂತ ಮೊದಲು ಬೂಟು ಆರಿಸಿ. ಮುಂದಿನ ವರ್ಷಕ್ಕೂ ಆಗಲಿ ಅಂತ ಒಂದು ಸೈಜ್ ದೊಡ್ಡದು ಕೊಡಿಸುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಲೇಸ್ ಬಿಗಿದ ಮೇಲೆ ಮಗು ಮಂಡಿ ಬಗ್ಗಿಸಿ ಮುಂದಕ್ಕೆ ವಾಲಲಿ. ಬೂಟಿನೊಳಗೆ ಹಿಮ್ಮಡಿ ಮೇಲೆದ್ದರೆ ಆ ಬೂಟು ಬೇಡ. ಹಿಮ್ಮಡಿ ಅಲುಗಾಡಿದರೆ ಎಷ್ಟು ದುಬಾರಿ ಬೋರ್ಡ್ ಆದರೂ ಕಾಲಿನ ಮಾತು ಕೇಳೋದಿಲ್ಲ. ಸೋಂಡ್ರೆ ಬರ್ಚ್ ಕೊಂಬೆ ತಿರುಚುತ್ತಾ ಕಂಡುಕೊಂಡದ್ದು ಇದನ್ನೇ.

ಇನ್ನು ಬೇಸಿಗೆಯಲ್ಲಿ ನಾರ್ತ್ ಡಕೋಟದ ಕಡೆ ಹೋದರೆ ಮೈನಾಟ್ ಊರಿನ ಸ್ಕ್ಯಾಂಡಿನೇವಿಯನ್ ಪಾರ್ಕಿನಲ್ಲಿ ಕಾರು ನಿಲ್ಲಿಸಿ. ಅಲ್ಲಿ ಸ್ಕೀ ಹಾಕಿಕೊಂಡ ಒಬ್ಬ ಮನುಷ್ಯನ ಪ್ರತಿಮೆ ಇದೆ. ಮಕ್ಕಳೇ, ಅವನ ಹಿಮ್ಮಡಿಯ ಹಿಂದೆ ಹೋಗಿ ನೋಡಿ, ಅಪ್ಪ ಅಮ್ಮನಿಗೆ ಈ ಕಥೆಯನ್ನು ನೀವೇ ಹೇಳಿ, ಕನ್ನಡದಲ್ಲಿ.