ಕಾವ್ಯನಾಮದ ಹಿಂದಿನ ಕರ್ತೃ: ಗಿಲ್ಬರ್ಟ್ ಪ್ಯಾಟನ್

ಅಮೆರಿಕದ ಜನಪ್ರಿಯ ಸಾಹಿತ್ಯದ ಚರಿತ್ರೆಯಲ್ಲಿ ಡೈಮ್ ಕಾದಂಬರಿಗಳಿಗೆ ವಿಶಿಷ್ಟ ಸ್ಥಾನವಿದೆ. 1860ರಲ್ಲಿ ನ್ಯೂಯಾರ್ಕಿನ ಬೀಡಲ್ ಪ್ರಕಾಶನವು ಒಂದು ಡೈಮ್, ಎಂದರೆ ಹತ್ತು ಸೆಂಟುಗಳ ಬೆಲೆಗೆ ಆರಂಭಿಸಿದ ಈ ಮಾಲೆಗಳು ಕತೆಯನ್ನು ಸಾಮಾನ್ಯ ಓದುಗರ ಕೈಗೆ ತಲುಪಿಸಿದವು; ಜೊತೆಗೆ ಬರವಣಿಗೆಯನ್ನು ಕೂಲಿಯ ದುಡಿಮೆಯಾಗಿಯೂ ಮಾರ್ಪಡಿಸಿದವು. ಈ ಎರಡು ಪರಿಣಾಮಗಳೂ ಒಟ್ಟಾಗಿ ಕಾಣುವುದು ಗಿಲ್ಬರ್ಟ್ ಪ್ಯಾಟನ್‌ನ ಬದುಕಿನಲ್ಲಿ.

ಪ್ಯಾಟನ್ 1866ರ ಅಕ್ಟೋಬರ್ 25ರಂದು ಮೇಯ್ನ್ ರಾಜ್ಯದ ಕೊರಿನ್ನಾ ಎಂಬ ಸಣ್ಣ ಊರಿನಲ್ಲಿ ಬಡಗಿಯೊಬ್ಬನ ಮಗನಾಗಿ ಜನಿಸಿದನು. ಧರ್ಮಶ್ರದ್ಧೆಯ ಮನೆತನದಲ್ಲಿ ಬೆಳೆದರೂ ಅವನ ಒಲವು ಅಗ್ಗದ ಸಾಹಸಕತೆಗಳ ಕಡೆಗಿತ್ತು. ಹದಿಹರೆಯದಲ್ಲಿಯೇ ಬೀಡಲ್ ಸಂಸ್ಥೆಗೆ ಕತೆಗಳನ್ನು ಮಾರಿದ ಅವನು, 1890ರ ದಶಕದ ಆರಂಭದಲ್ಲಿ ನ್ಯೂಯಾರ್ಕಿಗೆ ಬಂದು ಬರಹವನ್ನೇ ಜೀವನೋಪಾಯವಾಗಿಸಿಕೊಂಡನು.

1896ರ ಏಪ್ರಿಲ್ 18ರಂದು ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆಯ ‘ಟಿಪ್ ಟಾಪ್ ವೀಕ್ಲಿ’ಯಲ್ಲಿ ಫ್ರಾಂಕ್ ಮೆರಿವೆಲ್ ಎಂಬ ನಾಯಕನು ಕಾಣಿಸಿಕೊಂಡನು. ಗಡಿನಾಡಿನ ಬಂದೂಕುಧಾರಿಯ ಸ್ಥಾನಕ್ಕೆ ಶಾಲಾ ಬಾಲಕನೊಬ್ಬ ಬಂದುದು ಈ ಪ್ರಕಾರದಲ್ಲಿ ಮುಖ್ಯ ತಿರುವಾಗಿದೆ. ಸ್ವತಃ ಯೇಲ್ ವಿಶ್ವವಿದ್ಯಾಲಯದಲ್ಲಿ ಓದದ ಪ್ಯಾಟನ್ ತನ್ನ ನಾಯಕನನ್ನು ಯೇಲ್‌ನ ಆಟದ ಮೈದಾನಗಳಲ್ಲಿ ಮೆರೆಸಿದನು. ವಾರಕ್ಕೆ ಸುಮಾರು 20,000 ಪದಗಳಂತೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಈ ಮಾಲೆಗೆ ಬರೆದನು.

ಆದರೆ ಓದುಗರಿಗೆ ತಿಳಿದಿದ್ದ ಲೇಖಕ ಪ್ಯಾಟನ್ ಅಲ್ಲ, ಬರ್ಟ್ ಎಲ್. ಸ್ಟ್ಯಾಂಡಿಶ್. ಆ ಕಾವ್ಯನಾಮವು ಪ್ರಕಾಶಕರ ಸ್ವತ್ತಾಗಿತ್ತು. ಮುಂದೆ ಅದೇ ಹೆಸರಿನಲ್ಲಿ ಬೇರೆಯವರೂ ಬರೆದರು. ಆರಂಭದಲ್ಲಿ ವಾರಕ್ಕೆ 50 ಡಾಲರ್ ಇದ್ದ ಸಂಭಾವನೆ ಕ್ರಮೇಣ ಏರಿತಾದರೂ ಮಾರಾಟದ ಮೇಲಿನ ಗೌರವಧನ ಅವನಿಗೆ ದೊರೆಯಲಿಲ್ಲ. ಪುಸ್ತಕಗಳು ಮತ್ತೆ ಮತ್ತೆ ಅಚ್ಚಾದಾಗಲೂ ಲಾಭವು ಪ್ರಕಾಶಕರಿಗೇ ಸಂದಿತು. ಹೀಗಾಗಿ ಅಪಾರ ಜನಪ್ರಿಯತೆ ಗಳಿಸಿದ ಪಾತ್ರವನ್ನು ಸೃಷ್ಟಿಸಿದವನು ತನ್ನ ಕೊನೆಯ ವರ್ಷಗಳಲ್ಲಿ ಹಣದ ಮುಗ್ಗಟ್ಟನ್ನು ಎದುರಿಸಬೇಕಾಯಿತು.

ಪ್ಯಾಟನ್ 1945ರ ಜನವರಿ 16ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನನಾದನು. ಅವನ ಆತ್ಮಕಥೆ 1964ರಲ್ಲಿ ಪ್ರಕಟವಾದಾಗ ಅದಕ್ಕೆ ದೊರೆತ ಶೀರ್ಷಿಕೆ ‘ಫ್ರಾಂಕ್ ಮೆರಿವೆಲ್ಸ್ ಫಾದರ್’. ಎಂದರೆ ಫ್ರಾಂಕ್ ಮೆರಿವೆಲ್‌ನ ತಂದೆ. ಕರ್ತೃವನ್ನು ಪಾತ್ರದ ಮೂಲಕವೇ ಗುರುತಿಸಬೇಕಾದ ಈ ಸ್ಥಿತಿಯು, ಜನಪ್ರಿಯ ಸಾಹಿತ್ಯದ ಅಧ್ಯಯನದಲ್ಲಿ ಕೃತಿಯ ಜೊತೆಗೆ ಕರ್ತೃತ್ವದ ಒಡೆತನವನ್ನೂ ಪರಿಶೀಲಿಸುವ ಅಗತ್ಯವನ್ನು ಮನಗಾಣಿಸುತ್ತದೆ.