ಅಣ್ಣನಿದ್ದೂ ಅರಸನಾದವನು

ಹರಪನಹಳ್ಳಿಯ ಸೀಮೆಯ ಬಾಗಳಿಯಲ್ಲಿ ಕಲ್ಲೇಶ್ವರನ ಗುಡಿಯನ್ನು ನೋಡಹೋದವರು ಸಾಮಾನ್ಯವಾಗಿ ಅಲ್ಲಿಯ ಕಂಬಗಳ ನುಣುಪನ್ನು ಮೆಚ್ಚಿ ಹಿಂದಿರುಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದುವು ಅಲ್ಲಿಯ ಶಾಸನಗಳು. ಊರಿನ ಹಳೆಯ ಹೆಸರು ಬಾಲ್ಗುಳಿ. ರಾಷ್ಟ್ರಕೂಟರ ಕೊನೆಗಾಲದಲ್ಲಿ ಮೊದಲಾಗಿ, ಚಾಳುಕ್ಯ ಇಮ್ಮಡಿ ತೈಲಪನ ಆಳ್ವಿಕೆಯಲ್ಲಿ, ಕ್ರಿ.ಶ. 987ರ ಸುಮಾರಿಗೆ, ಬೆಳೆದ ಗುಡಿಯಿದು. ಒಂದೇ ಊರಿನಲ್ಲಿ ದೊರೆತ ಮೂವತ್ತಕ್ಕೂ ಹೆಚ್ಚು ಕನ್ನಡ ಶಾಸನಗಳಲ್ಲಿ ಅರಸರು ಒಬ್ಬರ ಹಿಂದೊಬ್ಬರು ಬಂದು ಹೋಗುತ್ತಾರೆ. ಕಲ್ಲಿನ ಮೇಲೆ ಈ ಸಾಲು ಬಹು ಸುಗಮವಾಗಿ ಕಾಣುತ್ತದೆ. ತಂದೆಯ ಬಳಿಕ ಮಗ, ಅಣ್ಣನ ಬಳಿಕ ತಮ್ಮ. ಆದರೆ ಆ ಅಣ್ಣನಿಗೂ ತಮ್ಮನಿಗೂ ನಡುವೆ ನಡೆದುದೇನೆಂಬುದನ್ನು ಕಲ್ಲು ಹೇಳುವುದಿಲ್ಲ. ಆ ತಮ್ಮನೇ ಆರನೆಯ ವಿಕ್ರಮಾದಿತ್ಯ, ತ್ರಿಭುವನಮಲ್ಲನೆಂಬ ಬಿರುದಿನವನು.

ಇವನು ಆಹವಮಲ್ಲ ಸೋಮೇಶ್ವರನ ಎರಡನೆಯ ಮಗ. ಹಿರಿಯವನು ತಂದೆಯ ಹೆಸರನ್ನೇ ಹೊತ್ತ ಸೋಮೇಶ್ವರ, ಕಿರಿಯವನು ಜಯಸಿಂಹ. ತಾರುಣ್ಯದಲ್ಲಿಯೇ ವಿಕ್ರಮಾದಿತ್ಯನು ಗಂಗವಾಡಿ ಬನವಾಸಿಗಳ ಆಡಳಿತವನ್ನು ನಿರ್ವಹಿಸಿದನು. ಚೋಳರೊಡನೆ ನಡೆದ ದಂಡಯಾತ್ರೆಗಳಲ್ಲಿ ತಂದೆಯ ಬಲಗೈಯಾಗಿದ್ದನು. ಕಾಶ್ಮೀರದಿಂದ ಬಂದು ಇವನ ಆಸ್ಥಾನದಲ್ಲಿ ನೆಲೆಸಿದ ಬಿಲ್ಹಣನು ಹದಿನೆಂಟು ಸರ್ಗಗಳ ವಿಕ್ರಮಾಂಕದೇವಚರಿತವನ್ನು ಬರೆದಿರದಿದ್ದರೆ ಈ ಮನೆಯ ಒಳಗಿನ ಕಥೆ ನಮಗೆ ಬಹುಮಟ್ಟಿಗೆ ಮರೆಯಾಗಿಯೇ ಉಳಿಯುತ್ತಿತ್ತು. ಆ ಕಾವ್ಯವೂ ಕಣ್ಮರೆಯಾಗಿದ್ದು, 1874ರಲ್ಲಿ ಬ್ಯೂಲರ್ ಎಂಬ ವಿದ್ವಾಂಸನಿಗೆ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಅದರ ಓಲೆ ದೊರೆಯಿತು. ನಮ್ಮ ಅರಸನ ಚರಿತ್ರೆ ಮರುಭೂಮಿಯ ಊರಿನಲ್ಲಿ ಕಾದುಕೊಂಡಿತ್ತೆಂಬುದು ವಿನೋದದ ಸಂಗತಿಯೇ ಸರಿ.

ಬಿಲ್ಹಣನ ಪ್ರಕಾರ ತಂದೆಯು ಯುವರಾಜಪದವಿಯನ್ನು ವಿಕ್ರಮನಿಗೇ ಕೊಡಬಯಸಿದನು. ಅಣ್ಣನಿರುವಾಗ ಅದು ತನಗೆ ಸಲ್ಲದೆಂದು ವಿಕ್ರಮನು ನಿರಾಕರಿಸಿದನು. ಪಟ್ಟವು ಅಣ್ಣನಿಗಾಯಿತು, ಭಾರ ಮಾತ್ರ ತಮ್ಮನ ಹೆಗಲಿಗೆ ಬಿತ್ತು. ಕವಿಯ ಮಾತನ್ನು ನಾವು ಎಷ್ಟು ನಂಬಬೇಕು? ಗೆದ್ದವನ ಅನ್ನ ಉಂಡು ಬರೆದ ಕಾವ್ಯವಿದು. ಹೀಗಿದ್ದೂ ಇದರಲ್ಲಿ ಒಂದು ನಿಜ ಅಡಗಿದೆಯೆಂದು ನಾನು ಭಾವಿಸುತ್ತೇನೆ. ಹಿರಿಯ ಮಗನಿಗೇ ಪಟ್ಟವೆಂಬ ನಿಯಮವನ್ನು ಲೋಕವು ಅಷ್ಟು ಗಟ್ಟಿಯಾಗಿ ನಂಬದೆ ಇದ್ದಿದ್ದರೆ, ಅದನ್ನು ಮುರಿದವನ ಪರವಾಗಿ ಕವಿಯು ಇಷ್ಟೊಂದು ಸಮರ್ಥನೆಯನ್ನು ಹೂಡಬೇಕಾಗಿರಲಿಲ್ಲ.

1068ರ ಮಾರ್ಚ್ ಕೊನೆಯಲ್ಲಿ ಆಹವಮಲ್ಲನು ವಾಸಿಯಾಗದ ಜ್ವರಕ್ಕೆ ತುತ್ತಾಗಿ, ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಜಲಸಮಾಧಿ ಹೊಂದಿದನು. ಈ ಕುರುವತ್ತಿ ಹಡಗಲಿಯ ಸೀಮೆಯದು, ಬಾಗಳಿಗೆ ನೆರೆಹೊರೆಯೆಂದರೂ ಸಲ್ಲುತ್ತದೆ. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ನೋಡಲು ಹೋಗುವವರು ಹೊಳೆಯ ದಂಡೆಗೂ ಹೋಗಿ ನಿಲ್ಲಬೇಕು. ಒಂದು ಸಾಮ್ರಾಜ್ಯದ ಉತ್ತರಾಧಿಕಾರದ ಪ್ರಶ್ನೆ ಎದ್ದುದು ಆ ನೀರಿನಿಂದ. ದಂಡಯಾತ್ರೆಯಲ್ಲಿದ್ದ ವಿಕ್ರಮನು ತಂದೆಯ ಅಂತ್ಯಕಾಲಕ್ಕೆ ಒದಗಲಿಲ್ಲ. ಏಪ್ರಿಲ್ 11ರಂದು, ಎರಡು ವಾರಗಳೂ ಕಳೆಯುವ ಮುನ್ನ, ಹಿರಿಯವನಿಗೆ ಭುವನೈಕಮಲ್ಲನೆಂಬ ಬಿರುದಿನೊಡನೆ ಪಟ್ಟವಾಯಿತು.

ಅಣ್ಣತಮ್ಮಂದಿರು ಕೆಲಕಾಲ ಕೂಡಿಯೇ ಇದ್ದರು. ಮುಂದೆ ಮನಸ್ಸು ಮುರಿಯಿತು. ಅಣ್ಣನು ಮದಾಂಧನಾದನೆಂದು ಬಿಲ್ಹಣನ ದೂರು. ಅಣ್ಣನ ಕಡೆಯ ಕವಿ ಯಾರೂ ನಮಗೆ ಉಳಿದಿಲ್ಲ. ವಿಕ್ರಮನು ಜಯಸಿಂಹನನ್ನು ಜೊತೆಗೆ ಕರೆದುಕೊಂಡು ಕಲ್ಯಾಣವನ್ನು ಬಿಟ್ಟನು, ಬೆನ್ನಟ್ಟಿ ಬಂದ ಅಣ್ಣನ ಸೇನೆಯನ್ನು ಸೋಲಿಸಿದನು, ಮನೆತನದ ಹಗೆಯಾದ ಚೋಳ ವೀರರಾಜೇಂದ್ರನ ಮಗಳನ್ನೇ ಮದುವೆಯಾದನು. ಆ ಮಾವನು ತೀರಿಕೊಂಡಾಗ ಕಂಚಿಗೆ ನಡೆದು ಮೈದುನ ಅಧಿರಾಜೇಂದ್ರನನ್ನು ಸಿಂಹಾಸನದ ಮೇಲೆ ಕೂರಿಸಿ ಬಂದನು. ಆದರೆ ಹೊಸ ಅರಸನು ಬಹುಕಾಲ ಬಾಳಲಿಲ್ಲ. 1070ರಲ್ಲಿ ಚೋಳರ ಪಟ್ಟವು ವೇಂಗಿಯ ಚಾಳುಕ್ಯ ಕುಲದ ಕುಲೋತ್ತುಂಗನ ಪಾಲಾಯಿತು. ಪರರ ಮನೆಯ ಉತ್ತರಾಧಿಕಾರವನ್ನು ತೀರ್ಮಾನಿಸಹೋದವನಿಗೆ ತನ್ನ ಮನೆಯದು ಇನ್ನೂ ಬಗೆಹರಿದಿರಲಿಲ್ಲ.

ಕುಲೋತ್ತುಂಗನೂ ಭುವನೈಕಮಲ್ಲನೂ ಒಂದಾದರು. ಗೋವೆಯ ಕದಂಬರು, ಸೇವುಣರು, ಹೊಯ್ಸಳರು ವಿಕ್ರಮನ ಕಡೆ ನಿಂತರು. 1076ರಲ್ಲಿ ಅಣ್ಣನು ಸೆರೆಯಾದನು. ಅವನಿಗೆ ರಾಜ್ಯವನ್ನು ಮರಳಿ ಕೊಡಬೇಕೆಂದು ವಿಕ್ರಮನು ಬಯಸಿದನೆಂದೂ, ಶಿವನು ಕೋಪದಿಂದ ಆಜ್ಞೆ ಮಾಡಿದುದರಿಂದ ತಾನೇ ಪಟ್ಟವೇರಿದನೆಂದೂ ಕವಿ ಬರೆಯುತ್ತಾನೆ. ಯುವರಾಜಪದವಿಯನ್ನು ಒಲ್ಲೆನೆಂದವನನ್ನು ಅರಸನನ್ನಾಗಿ ಮಾಡಲು ದೇವರೇ ಇಳಿದು ಬರಬೇಕಾಯಿತು! ಸೆರೆಯಲ್ಲಿದ್ದ ಅಣ್ಣನ ಹೆಸರು ಆ ಬಳಿಕ ಚರಿತ್ರೆಯಲ್ಲಿ ಕೇಳಿಬರುವುದಿಲ್ಲ.

ಪಟ್ಟವೇರಿದವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಕಾಲದ ಎಣಿಕೆಯನ್ನೇ ಬದಲಿಸಿದುದು. ಶಕವರ್ಷದ ಬದಲು ತನ್ನ ಪಟ್ಟದಿಂದ ಮೊದಲಾಗುವ ಚಾಳುಕ್ಯ ವಿಕ್ರಮವರ್ಷವನ್ನು ನಡೆಯಿಸಿದನು. ಇದನ್ನು ಅಹಂಕಾರವೆನ್ನುವವರಿದ್ದಾರೆ. ಅಣ್ಣನ ಎಂಟು ವರ್ಷಗಳನ್ನು ಹಿಂದಕ್ಕೆ ಸರಿಸಿ, ಲೆಕ್ಕವನ್ನು ಹೊಸದಾಗಿ ಬರೆಯಿಸುವ ಉಪಾಯವೂ ಇದಾಗಿತ್ತೆಂದು ನನಗೆ ತೋರುತ್ತದೆ.

ಲೆಕ್ಕ ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ಅಣ್ಣನ ವಿರುದ್ಧ ತನ್ನೊಡನೆ ನಿಂತ ಜಯಸಿಂಹನಿಗೆ ವಿಕ್ರಮನು ಬನವಾಸಿಯ ಆಡಳಿತವನ್ನು ಕೊಟ್ಟಿದ್ದನು. ವೀರನೊಳಂಬನೆಂಬ ಬಿರುದು ಅವನನ್ನು ಬಾಗಳಿಯನ್ನೊಳಗೊಂಡ ನೊಳಂಬವಾಡಿಗೂ ಬೆಸೆದಿತ್ತು. 1083ರ ಸುಮಾರಿಗೆ ಅವನು ಬಂಡೆದ್ದು ಕೃಷ್ಣೆಯವರೆಗೆ ದಂಡು ತಂದನು. ಅಣ್ಣನನ್ನು ಇಳಿಸಿ ತಮ್ಮನೊಬ್ಬನು ಅರಸನಾಗಬಹುದಾದರೆ ಮತ್ತೊಬ್ಬ ತಮ್ಮನೇಕೆ ಆಗಬಾರದು? ಇದಕ್ಕೆ ವಿಕ್ರಮನಲ್ಲಿ ಉತ್ತರವಿರಲಿಲ್ಲ, ಸೇನೆಯಿತ್ತು. ಜಯಸಿಂಹನು ಸೋತು ಸೆರೆಸಿಕ್ಕನು.

ಆಮೇಲಿನ ನಾಲ್ಕು ದಶಕಗಳು ಕನ್ನಡನಾಡಿನ ಸುಗ್ಗಿಯ ಕಾಲ. ರಾಣಿಯರು ಊರುಗಳ ಆಡಳಿತವನ್ನು ನಡೆಸಿದರು. 1112ರಲ್ಲಿ ದಂಡನಾಯಕ ಮಹಾದೇವನು ಇಟಗಿಯ ದೇವಾಲಯವನ್ನು ಕಟ್ಟಿಸಿದನು. ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ತಂದೆಯ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸ್ಥಾಪಿಸಿದ ಗ್ರಂಥವದು. ಬಂಗಾಳವನ್ನುಳಿದು ಭರತಖಂಡದ ಬಹುಭಾಗದ ಹಿಂದೂ ಕುಟುಂಬಗಳು ಶತಮಾನಗಳ ಕಾಲ ಅದರಂತೆ ಪಾಲು ಹಂಚಿಕೊಂಡುವು. ಹೆಣ್ಣುಮಕ್ಕಳಿಗೂ ಆ ಜನ್ಮಸಿದ್ಧ ಹಕ್ಕು ದೊರೆತುದು 2005ರ ತಿದ್ದುಪಡಿಯಿಂದ. ಹೊಲಮನೆಗಳ ಉತ್ತರಾಧಿಕಾರವನ್ನು ಇಷ್ಟು ನಿಷ್ಕೃಷ್ಟವಾಗಿ ನಿರ್ಣಯಿಸಿದ ಪಂಡಿತನು, ಅಣ್ಣನನ್ನು ಸೆರೆಯಲ್ಲಿಟ್ಟು ಪಟ್ಟವೇರಿದ ಅರಸನ ನೆರಳಿನಲ್ಲಿ ಬರೆಯುತ್ತಿದ್ದನು. ರಾಜಸಭೆಯಲ್ಲಿ ಆ ಗ್ರಂಥವನ್ನು ಓದುವಾಗ ಯಾರಾದರೂ ಯಾರ ಮುಖವನ್ನಾದರೂ ನೋಡಿರಬಹುದೇ?

ಕೊನೆಗಾಲದಲ್ಲಿ ಹೊಯ್ಸಳ ವಿಷ್ಣುವರ್ಧನನು ತಲೆಯೆತ್ತಿದನು. 1118ರಲ್ಲಿ ಅವನ ದಂಡನಾಯಕ ಗಂಗರಾಜನು ಕಣ್ಣೆಗಾಲದಲ್ಲಿ ಚಾಳುಕ್ಯರ ಪಾಳೆಯದ ಮೇಲೆ ಬಿದ್ದು ಗೆದ್ದನು. ಸಿಂದರ ಆಚುಗಿಯ ನೆರವಿನಿಂದ ಮುದಿ ಅರಸನು ಹೊಯ್ಸಳರನ್ನು ಮತ್ತೆ ತಗ್ಗಿಸಿದನಾದರೂ ಪೂರ್ತಿಯಾಗಿ ಅಡಗಿಸಲಾಗಲಿಲ್ಲ.

ವಿಕ್ರಮಾದಿತ್ಯನ ಮಕ್ಕಳಲ್ಲಿ ಮಲ್ಲಿಕಾರ್ಜುನ, ಜಯಕರ್ಣ, ಸೋಮೇಶ್ವರ ಎಂಬ ಹೆಸರುಗಳು ಶಾಸನಗಳಲ್ಲಿ ಬರುತ್ತವೆ. ಐವತ್ತು ವರ್ಷ ಆಳಿದ ಅರಸನು 1126ರ ಸುಮಾರಿಗೆ ತೀರಿಕೊಂಡಾಗ ಪಟ್ಟವೇರಿದವನು ಸೋಮೇಶ್ವರ. ಅಜ್ಜನ ಹೆಸರು, ತಂದೆ ಇಳಿಸಿದ ದೊಡ್ಡಪ್ಪನ ಹೆಸರೂ ಅದೇ. ಈ ಮಗನು ಯುದ್ಧಕ್ಕಿಂತ ವಿದ್ಯೆಯಲ್ಲಿ ಆಸಕ್ತನು. 1129ರ ಸುಮಾರಿಗೆ ಅವನು ರಚಿಸಿದ ಮಾನಸೋಲ್ಲಾಸದಲ್ಲಿ ನೂರು ಅಧ್ಯಾಯಗಳಿವೆ. ಮೊದಲ ಇಪ್ಪತ್ತು ರಾಜ್ಯವನ್ನು ಪಡೆಯುವ ಬಗೆಗೆ, ಮುಂದಿನ ಇಪ್ಪತ್ತು ಪಡೆದುದನ್ನು ಉಳಿಸಿಕೊಳ್ಳುವ ಬಗೆಗೆ. ತಂದೆಯ ಚರಿತ್ರೆಯನ್ನೂ ಅವನು ವಿಕ್ರಮಾಂಕಾಭ್ಯುದಯವೆಂಬ ಹೆಸರಿನಿಂದ ಬರೆದನು. ಆದರೆ ತಂದೆಯ ವರ್ಷದ ಎಣಿಕೆಯನ್ನು ಮುಂದುವರಿಸಲಿಲ್ಲ. ಅವನ ಶಾಸನಗಳಲ್ಲಿ ಭೂಲೋಕಮಲ್ಲವರ್ಷವು ಒಂದರಿಂದ ಮತ್ತೆ ಮೊದಲಾಯಿತು.